ಮೂಗಿಗೆ ಗೊತ್ತು, ಮಾತಿಗೆ ಸಿಗದು

(ವೈನ್ ಆಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಆಡುವಾಗ ಅಡ್ಡದಾರಿ ಹಿಡಿದ ಕಡೆ ಒಂದಿಷ್ಟು ಕತ್ತರಿಸಿದ್ದೇನೆ; ಎಲ್ಲವನ್ನೂ ಕತ್ತರಿಸಲು ಮನಸ್ಸಾಗಲಿಲ್ಲ.)

ಎಲ್ಲರಿಗೂ ನಮಸ್ಕಾರ. ಮಾತು ಶುರುವಾಗುವ ಮೊದಲು ನಿಮಗೊಂದು ಸಣ್ಣ ಕೆಲಸ. ಈಗ ಮುಂದಿನ ಸಾಲಿನಿಂದ ಒಂದು ಪುಟ್ಟ ಬಟ್ಟಲು ಕೈಯಿಂದ ಕೈಗೆ ಬರುತ್ತದೆ. ಅದರ ಬಾಯಿಗೆ ಬಟ್ಟೆ ಕಟ್ಟಿದೆ, ಒಳಗೇನಿದೆ ಎಂದು ಕಾಣುವುದಿಲ್ಲ. ಬಿಚ್ಚಬೇಡಿ. ಒಮ್ಮೆ ಮೂಸಿ ನೋಡಿ, ಪಕ್ಕದವರನ್ನು ಕೇಳದೆ, ನಿಮ್ಮ ಕೈಯಲ್ಲಿರುವ ಚೀಟಿಯಲ್ಲಿ ತೋಚಿದ್ದನ್ನು ಬರೆದು ಮಡಿಸಿಡಿ. ವಸ್ತುವಿನ ಹೆಸರನ್ನೇ ಬರೆಯಬೇಕೆಂದಿಲ್ಲ. ಯಾವುದೋ ಜಾಗ ನೆನಪಾದರೆ ಜಾಗ, ಯಾರೋ ನೆನಪಾದರೆ ಅವರು. ಒಳಗಿರುವುದು ವೈನ್ ಅಲ್ಲ ಎಂದಷ್ಟೇ ಈಗ ಹೇಳುತ್ತೇನೆ. ಇವತ್ತು ಇಲ್ಲಿ ಯಾರಿಗೂ ಒಂದು ಹನಿಯೂ ಸಿಗುವುದಿಲ್ಲ. ಅದಕ್ಕಾಗಿಯೇ ಬಂದವರು ದಯವಿಟ್ಟು ಕ್ಷಮಿಸಬೇಕು.

ಕುಡಿದದ್ದನ್ನು ಬರೆದಿಡುವ ಅಭ್ಯಾಸ ನನಗೆ ಅಂಟಿಕೊಂಡು ಬಹಳ ವರ್ಷಗಳಾದವು. ಮೊದಮೊದಲಿನ ಎರಡು ನೋಟುಪುಸ್ತಕಗಳನ್ನು ಈಚೆಗೆ ತೆಗೆದು ನೋಡಿದೆ. ನಾಚಿಕೆಯಾಯಿತು. ಪುಟದ ಮೇಲೆ ಪುಟ ಅದೇ ಮಾತು: "ಒಳ್ಳೆಯ ಹಣ್ಣಿನ ಸುವಾಸನೆ, ಮೃದು, ಹದವಾಗಿದೆ." ಮೇಲಿರುವ ಹೆಸರನ್ನೂ ಇಸವಿಯನ್ನೂ ಅಂಗೈಯಿಂದ ಮುಚ್ಚಿದರೆ ಯಾವುದು ಯಾವ ವೈನ್ ಎಂದು ಬರೆದ ನನಗೇ ಹೇಳಲಾಗದು. ಓದಿಕೊಂಡಿದ್ದ ಪುಸ್ತಕಗಳಿಂದ ಎತ್ತಿದ ಪದಗಳೂ ಧಾರಾಳವಾಗಿವೆ. ಬ್ಲ್ಯಾಕ್‌ಕರಂಟ್ ಎಂಬ ಪದವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಹಣ್ಣನ್ನು ಆ ಕಾಲಕ್ಕೆ ನಾನು ಕಣ್ಣಿನಿಂದಲೂ ನೋಡಿರಲಿಲ್ಲ. ಅರ್ಜಿಯ ಕೊನೆಗೆ "ತಮ್ಮ ವಿಶ್ವಾಸಿ" ಎಂದು ಬರೆಯುವ ಹಾಗೆ, ಕೆಂಪು ವೈನ್ ಎಂದಮೇಲೆ ಅದನ್ನು ಬರೆಯಲೇಬೇಕು ಎಂದುಕೊಂಡಿದ್ದೆ.

ಇವುಗಳ ನಡುವೆ ಒಂದು ಪುಟದಲ್ಲಿ ಬೇರೇನೂ ಇಲ್ಲದೆ ಒಂದೇ ಸಾಲು ಇತ್ತು: "ಒದ್ದೆ ಛತ್ರಿಯನ್ನು ಮಡಿಸಿ ಚೀಲದಲ್ಲಿ ಮರೆತು ಮೂರನೆಯ ದಿನ ತೆಗೆದ ಹಾಗೆ." ಓದಿದ್ದೇ ತಡ, ಆ ಸಂಜೆ, ಆ ಮೇಜು, ಸುತ್ತ ಕುಳಿತವರ ಮುಖ ಎಲ್ಲವೂ ಎದುರಿಗೆ ಬಂದವು. ಅದು ಬಿರಡೆಯಿಂದ ಕೆಟ್ಟ ವೈನ್ ಎಂದು ಈಗ ಗೊತ್ತಿದೆ. ಟ್ರೈಕ್ಲೋರೋಅನಿಸೋಲ್ ಎಂಬ ವಸ್ತು ಕಾರ್ಕಿನ ಬಿರಡೆಯಿಂದ ಇಳಿದು ಸೇರುತ್ತದೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗು ಹಿಡಿದುಬಿಡುತ್ತದೆ. ನೆಂದ ರಟ್ಟು, ಮುಗ್ಗಲು ಹಿಡಿದ ನೆಲಮಾಳಿಗೆ, ಇಂಥ ವಾಸನೆ. ಜೊತೆಗೆ ಹಣ್ಣಿನ ಘಮವನ್ನೆಲ್ಲ ಅಡಗಿಸಿಬಿಡುತ್ತದೆ. ಆದರೆ ಆ ಸಂಜೆ ಬಾಟಲಿಯ ಮೇಲಿದ್ದ ಹೆಸರು ದೊಡ್ಡದು, ತಂದವರು ಹಿರಿಯರು. ಮೇಜಿನ ಸುತ್ತ ಎಲ್ಲರೂ ತಲೆದೂಗಿದೆವು. ನಾನೂ ತಲೆದೂಗಿದೆ. ನನ್ನ ಬಾಯಿ ಒಂದು ಹೇಳಿತ್ತು, ಕೈ ಇನ್ನೊಂದು ಬರೆದಿತ್ತು.

ಇವತ್ತು ನಾನು ಹೇಳಬೇಕೆಂದಿರುವುದು ಆ ಕೈಯ ಪರವಾಗಿ. ಬಾಟಲಿ ಖಾಲಿಯಾದ ಮೇಲೆ ವೈನ್ ರಸಿಕನಿಗೆ ಉಳಿಯುವುದು ಅವನು ಬರೆದಿಟ್ಟ ನಾಲ್ಕು ಮಾತು. ಆ ಮಾತು ಅವನದೇ ಆಗಿರಬೇಕು. ಲೇಬಲ್ ನೋಡುವ ಮೊದಲು, ಪಕ್ಕದವರು ಬಾಯಿ ತೆರೆಯುವ ಮೊದಲು ಬರೆದದ್ದಾಗಿರಬೇಕು.

ಕುಡಿದದ್ದನ್ನು ಬರೆದಿಟ್ಟ ಹವ್ಯಾಸಿಗಳಲ್ಲಿ ನನಗೆ ಬಲು ಇಷ್ಟವಾದವನು ಸ್ಯಾಮ್ಯುಯೆಲ್ ಪೀಪ್ಸ್. ಲಂಡನ್ನಿನಲ್ಲಿ ನೌಕಾಪಡೆಯ ಆಡಳಿತದಲ್ಲಿದ್ದವನು, ದಿನಚರಿ ಬರೆಯುವ ಗೀಳಿನವನು. 1663ರ ಏಪ್ರಿಲ್ 10ರಂದು ರಾಯಲ್ ಓಕ್ ಎಂಬ ಪಾನಗೃಹದಲ್ಲಿ ಒಂದು ಫ್ರೆಂಚ್ ವೈನ್ ಕುಡಿದ. ಹೆಸರನ್ನು ಕಿವಿಗೆ ಬಿದ್ದ ಹಾಗೆ "ಹೋ ಬ್ರಯಾನ್" ಎಂದು ಗೀಚಿಕೊಂಡ. ಬೋರ್ಡೋ ಸೀಮೆಯ ಓ-ಬ್ರಿಯೋನ್ ತೋಟದ ವೈನ್ ಅದು. ಹಿಂದೆಂದೂ ತಾನು ಕಾಣದ, ಒಳ್ಳೆಯ, ತೀರಾ ವಿಶಿಷ್ಟವಾದ ರುಚಿ ಎಂದು ಬರೆದ. ಅಷ್ಟೇ. ಮುನ್ನೂರೈವತ್ತು ವರ್ಷ ದಾಟಿದ ಮೇಲೂ ಅವನಿಗೆ ಅದು ಹಿಡಿಸಿತು ಎಂದು ನಮಗೆ ಗೊತ್ತು. ಹೇಗಿತ್ತು ಎಂದು ಮಾತ್ರ ಗೊತ್ತಿಲ್ಲ. ಹುಳಿಯಿತ್ತೇ, ಒಗರಿತ್ತೇ, ಬಣ್ಣ ತಿಳಿಯೇ ಗಾಢವೇ? "ವಿಶಿಷ್ಟ" ಎಂಬ ಪದದ ಬೀಗ ಹಾಕಿ ಕೀಲಿಯನ್ನು ತನ್ನ ಜೊತೆಗೇ ಒಯ್ದುಬಿಟ್ಟ. 1666ರಲ್ಲಿ ಲಂಡನ್ನಿಗೆ ಬೆಂಕಿ ಬಿದ್ದಾಗ ಇದೇ ಮಹಾರಾಯ ಗುಂಡಿ ತೋಡಿಸಿ ತನ್ನ ವೈನನ್ನೂ ಪಾರ್ಮೆಸಾನ್ ಚೀಸನ್ನೂ ಹೂತಿಟ್ಟ. ಅಷ್ಟು ಪ್ರೀತಿಯಿದ್ದವನು ಇನ್ನೊಂದು ವಾಕ್ಯ ಬರೆದಿದ್ದರೆ ಏನು ಹೋಗುತ್ತಿತ್ತು ಎಂದು ನಾನು ಆಗಾಗ ಗೊಣಗಿಕೊಳ್ಳುತ್ತೇನೆ.

ಅವನೊಬ್ಬನನ್ನೇ ಬಯ್ಯುವುದು ನ್ಯಾಯವಲ್ಲ. ವಾಸನೆಗೆ ಹೆಸರು ಹೇಳುವುದು ಎಲ್ಲರಿಗೂ ಕಷ್ಟ. ನಾಲಿಗೆಯ ಲೆಕ್ಕ ಸುಲಭ. ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಉಮಾಮಿ ಎಂಬ ಮಾಂಸದ ಸಾರಿನಂಥ ರುಚಿ. ನಾವು ರುಚಿ ಎಂದು ಕರೆಯುವ ಉಳಿದದ್ದರಲ್ಲಿ ಬಹುಪಾಲು ಮೂಗಿನದು. ಮನೆಗೆ ಹೋದಮೇಲೆ ಯಾವುದಾದರೂ ಹಣ್ಣಿನ ರಸವನ್ನು ಮೂಗು ಬಿಗಿಯಾಗಿ ಹಿಡಿದುಕೊಂಡು ಒಂದು ಗುಟುಕು ಕುಡಿದು ನೋಡಿ. ಸಿಹಿ ತಿಳಿಯುತ್ತದೆ, ಹುಳಿ ತಿಳಿಯುತ್ತದೆ, ಯಾವ ಹಣ್ಣು ಎಂದು ತಿಳಿಯುವುದಿಲ್ಲ. ನುಂಗಿ ಬೆರಳು ಬಿಟ್ಟ ಕೂಡಲೇ ಹಣ್ಣು ಎಲ್ಲಿಂದಲೋ ಬಂದು ಬಾಯಿ ತುಂಬುತ್ತದೆ. ಬಂದದ್ದು ಗಂಟಲ ಹಿಂಭಾಗದಿಂದ ಮೂಗಿಗೆ ಏರಿದ ಗಾಳಿಯಲ್ಲಿ. ವೈನ್ ಬಲ್ಲವರು ಗುಟುಕನ್ನು ಬಾಯಲ್ಲಿಟ್ಟುಕೊಂಡು ತುಸು ಗಾಳಿ ಎಳೆದು ಸುರ್ ಎಂದು ಸದ್ದು ಮಾಡುವುದು ಇದಕ್ಕಾಗಿಯೇ. ನೋಡುವವರಿಗೆ ಅಸಹ್ಯ, ಮಾಡುವವರಿಗೆ ಅನಿವಾರ್ಯ.

ಪರಿಚಿತ ವಾಸನೆ ಬಂದಾಗ ನಾವೆಲ್ಲ "ಅಯ್ಯೋ, ಇದು ಗೊತ್ತು, ಗೊತ್ತು" ಎಂದು ಚಡಪಡಿಸುತ್ತೇವೆ, ಹೆಸರು ಮಾತ್ರ ಬಾರದು. ಇಂಥ ಸ್ಥಿತಿಗೆ ಇಬ್ಬರು ಮನಶ್ಶಾಸ್ತ್ರಜ್ಞರು 1977ರಲ್ಲಿ ಮೂಗಿನ ತುದಿಯ ಸ್ಥಿತಿ ಎಂದೇ ಹೆಸರಿಟ್ಟರು. ನಾಲಿಗೆಯ ತುದಿಯಲ್ಲಿದೆ ಎನ್ನುತ್ತೇವಲ್ಲ, ಅದರ ಜೋಡಿ. ಒಂದು ವ್ಯತ್ಯಾಸವಿದೆ. ಮರೆತ ಪದ ನಾಲಿಗೆಯ ತುದಿಯಲ್ಲಿದ್ದಾಗ ಅದರ ಮೊದಲ ಅಕ್ಷರವಾದರೂ ಹೊಳೆಯುತ್ತದೆ. ಮೂಗಿನ ತುದಿಯಲ್ಲಿದ್ದಾಗ ಅದೂ ಇಲ್ಲ. ಹಿಂದಿನ ಸಾಲಿನಲ್ಲಿ ಬಟ್ಟಲು ಹಿಡಿದುಕೊಂಡು ಮೇಲೆ ನೋಡುತ್ತಿರುವವರಿಗೆ ನಾನು ಹೇಳುತ್ತಿರುವುದು ಈಗ ಚೆನ್ನಾಗಿ ಅರ್ಥವಾಗುತ್ತಿರಬೇಕು.

ಪದಗಳ ವಿಷಯಕ್ಕೆ ಬಂದರೆ ಕನ್ನಡದವರಿಗೆ ಒಂದು ಅನುಕೂಲವಿದೆ, ಅದು ನಮಗೆ ಅನುಕೂಲವೆಂದೇ ತಿಳಿದಿಲ್ಲ. ಕೆಂಪು ವೈನ್ ಕುಡಿದಾಗ ಒಸಡು, ಕೆನ್ನೆಯ ಒಳಭಾಗ ಒಣಗಿ ಹಿಡಿದಂತಾಗುತ್ತದೆ. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಟ್ಯಾನಿನ್ ಎಂಬ ವಸ್ತು ನಮ್ಮ ಜೊಲ್ಲಿನ ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ; ಜೊಲ್ಲಿನ ಜಾರುವ ಗುಣ ಹೋಗಿ ಬಾಯಿ ತರಿತರಿಯಾಗುತ್ತದೆ. ಇದನ್ನು ಹೇಳಲು ಇಂಗ್ಲಿಷ್ ಬರಹಗಾರರು ಪ್ಯಾರಾಗಟ್ಟಲೆ ಹೆಣಗುತ್ತಾರೆ. ಆ ಭಾಷೆಯ ಸಾಮಾನ್ಯ ಮಾತುಕತೆಯಲ್ಲಿ ಇದಕ್ಕೆ ಸಲೀಸಾದ ಪದವೇ ಇಲ್ಲ, ಹಾಗಾಗಿ ಎಷ್ಟೋ ಮಂದಿ ಇದನ್ನು ಕಹಿ ಎಂದೇ ತಪ್ಪಾಗಿ ಕರೆಯುತ್ತಾರೆ. ನಮಗೆ ಒಂದೇ ಪದ ಸಾಕು: ಒಗರು. ಮಾಗದ ಬಾಳೆಕಾಯಿ ಕಚ್ಚಿದ ಮಗುವಿಗೂ ಒಗರಿಗೂ ಕಹಿಗೂ ಇರುವ ಅಂತರ ಗೊತ್ತು. ಷಡ್ರಸಗಳಲ್ಲಿ ಕಷಾಯ ಎಂದು ಎಣಿಸಿ ಹಿಂದಿನವರು ಅದಕ್ಕೆ ಪೀಠವನ್ನೇ ಕೊಟ್ಟಿದ್ದಾರೆ. ಅದು ರುಚಿಯೇ ಅಲ್ಲ, ಸ್ಪರ್ಶ ಎನ್ನುವವರು ಇಂದಿನ ಶರೀರಶಾಸ್ತ್ರದವರಲ್ಲಿ ಹೆಚ್ಚು. ಇರಲಿ, ಆ ಜಗಳ ಅವರದು. ಬರೆಯುವವನಿಗೆ ಬೇಕಾದದ್ದು ಪದ. ಒಗರು ನುಣುಪಾಗಿದೆಯೇ ಒರಟೇ, ಮೊದಲೇ ಹಿಡಿಯಿತೇ ನುಂಗಿದ ಮೇಲೆ ಬಂತೇ, ಒಸಡಿನಲ್ಲಿ ನಿಂತಿತೇ ನಾಲಿಗೆಯ ಮೇಲೆ ನಿಂತಿತೇ ಎಂದು ಮುಂದುವರಿಸಬಹುದು.

ಹಾಗೆಯೇ ಘಮ, ಕಂಪು, ಘಾಟು, ಕಮಟು, ಮುಗ್ಗಲು, ಸೊಗಡು. ಒಂದೊಂದರ ತೂಕವೂ ಬೇರೆ. ಕಮಟು ವಾಸನೆಯನ್ನು ಯಾರೂ ಕಂಪು ಎನ್ನುವುದಿಲ್ಲ. ಇಷ್ಟೆಲ್ಲ ಮನೆಯಲ್ಲಿ ಇಟ್ಟುಕೊಂಡು ನಾವು ಪರರ ಹಣ್ಣಿನ ಬುಟ್ಟಿಗೆ ಕೈಹಾಕುತ್ತೇವೆ. ಆದರೆ ಪದಕ್ಕೆ ಪದ ಇಟ್ಟು ತರ್ಜುಮೆ ಮಾಡುವ ಉತ್ಸಾಹವೂ ಅಪಾಯಕಾರಿ. ಸಿಹಿ ಉಳಿಯದ ಹಾಗೆ ಪೂರ್ತಿ ಹುದುಗಿದ ವೈನನ್ನು ಇಂಗ್ಲಿಷಿನಲ್ಲಿ ಡ್ರೈ ಎನ್ನುತ್ತಾರೆ. ಯಾರೋ ಅದನ್ನು "ಒಣ ವೈನ್" ಎಂದು ಬರೆದದ್ದನ್ನು ಓದಿದ್ದೇನೆ. ಪುಡಿ ಮಾಡಿ ಪೊಟ್ಟಣ ಕಟ್ಟಿ ಕೊಡುತ್ತಾರೇನೋ ಎನ್ನಿಸಿತು. ಸಿಹಿಯಿಲ್ಲದ ವೈನ್ ಎಂದರೆ ಮುಗಿಯಿತು.

ಪದಗಳನ್ನು ಶಿಸ್ತಿಗೆ ತಂದವರಲ್ಲಿ ಮೊದಲು ನೆನೆಯಬೇಕಾದವರು ಆನ್ ನೋಬಲ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದ ಅವರು ತಮ್ಮ ಸಹೋದ್ಯೋಗಿಗಳೊಂದಿಗೆ 1984ರಲ್ಲಿ ವೈನಿನ ವಾಸನೆಗಳ ಒಂದು ಚಕ್ರವನ್ನು ಪ್ರಕಟಿಸಿದರು. ಒಳಗಿನ ಸುತ್ತಿನಲ್ಲಿ ಹಣ್ಣು, ಹೂವು, ಸಾಂಬಾರ ಪದಾರ್ಥ, ಸಸ್ಯ, ಮಣ್ಣು ಹೀಗೆ ದೊಡ್ಡ ಗುಂಪುಗಳು. ಹೊರಗೆ ಹೋದಂತೆ ಹಣ್ಣು ಎಂಬುದು ನಿಂಬೆಯ ಜಾತಿ ಎಂದಾಗಿ, ಇನ್ನೂ ಹೊರಗೆ ನಿಂಬೆಯೇ ಆಗಿ ನಿಲ್ಲುತ್ತದೆ. ಏನೂ ಹೊಳೆಯದವನು ಒಳಗಿನಿಂದ ಹೊರಗೆ ನಡೆಯಬಹುದು. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅವರು ಬಿಟ್ಟದ್ದು. ಸೊಗಸು, ಗಾಂಭೀರ್ಯ, ಸಾಮರಸ್ಯ, ಇಂಥ ಮೆಚ್ಚುಗೆಯ ಪದಗಳಿಗೆ ಚಕ್ರದಲ್ಲಿ ಜಾಗವಿಲ್ಲ. ಮೂಸಿ ತೋರಿಸಬಲ್ಲದ್ದಕ್ಕೆ ಮಾತ್ರ ಜಾಗ. ಮೂಸಿ ತೋರಿಸುವ ಉಪಾಯವನ್ನೂ ಅವರೇ ಹೇಳಿಕೊಟ್ಟರು: ಹೆಚ್ಚು ವಾಸನೆಯಿಲ್ಲದ ಸಾಧಾರಣ ವೈನನ್ನು ನಾಲ್ಕಾರು ಗ್ಲಾಸಿಗೆ ಹಾಕಿ, ಒಂದರಲ್ಲಿ ದೊಣ್ಣೆ ಮೆಣಸಿನಕಾಯಿಯ ಚೂರು, ಇನ್ನೊಂದರಲ್ಲಿ ಲವಂಗ, ಮತ್ತೊಂದರಲ್ಲಿ ವೆನಿಲಾದ ಒಂದು ಹನಿ ಹಾಕಿ ಮುಚ್ಚಿಡುವುದು. ಆಮೇಲೆ ಮುಚ್ಚಳ ತೆಗೆದು ಒಂದೊಂದನ್ನೇ ಮೂಸಿ ಮನಸ್ಸಿನಲ್ಲಿ ಹೆಸರು ಅಂಟಿಸಿಕೊಳ್ಳುವುದು. ನಾನು ಮಾಡಿ ನೋಡಿದ್ದೇನೆ. ಒಂದು ಸಂಜೆಯ ಈ ಆಟ ಎರಡು ನೋಟುಪುಸ್ತಕಗಳಿಗಿಂತ ಹೆಚ್ಚು ಕಲಿಸಿತು.

"ದ್ರಾಕ್ಷಿಯಲ್ಲಿ ಮೆಣಸು ಎಲ್ಲಿಂದ ಬರುತ್ತದೆ ಸ್ವಾಮಿ, ಎಲ್ಲ ಬುರುಡೆ" ಎಂದು ನಗುವವರಿದ್ದಾರೆ. ನಾನೂ ನಕ್ಕವನೇ. ಆದರೆ ಕಾಬರ್ನೆ ಸೋವಿನ್ಯೋನ್ ಎಂಬ ದ್ರಾಕ್ಷಿಯ ಕೆಂಪು ವೈನಿನಲ್ಲಿ ದೊಣ್ಣೆ ಮೆಣಸಿನಕಾಯಿಯ ವಾಸನೆ ಬಂದರೆ ಅದಕ್ಕೆ ಕಾರಣ ಪೈರಾಜಿನ್ ಕುಲದ ಒಂದು ವಸ್ತು. ಆ ಕಾಯಿಯಲ್ಲಿರುವುದೂ ಅದೇ. ಕೆಲವು ಬಿಳಿ ವೈನುಗಳ ಬೆಣ್ಣೆ ವಾಸನೆ ಡೈಅಸಿಟೈಲ್ ಎಂಬ ವಸ್ತುವಿನದು. ಬೆಣ್ಣೆಯಲ್ಲಿಯೂ ಅದು ಇದೆ. ಓಕ್ ಪೀಪಾಯಿಯಲ್ಲಿ ಕೂಡಿಟ್ಟ ವೈನಿಗೆ ಮರದಿಂದಲೇ ವೆನಿಲಾದ ಘಮ ಕೊಡುವ ವೆನಿಲಿನ್ ಇಳಿಯುತ್ತದೆ. ಶಿರಾಜ್ ದ್ರಾಕ್ಷಿಯ ವೈನಿನಲ್ಲಿ ಮೂಗಿಗೆ ಬರುವ ಕರಿಮೆಣಸಿನ ಗುಟ್ಟನ್ನು ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಬಿಡಿಸಿದರು. ರೋಟಂಡೋನ್ ಎಂಬ ಆ ವಸ್ತು ಕರಿಮೆಣಸಿನ ಕಾಳಿನಲ್ಲಿಯೂ ಇದೆ. ಹಾಗಾಗಿ ಮೆಣಸು ಎಂದವನು ಕವಿತೆ ಕಟ್ಟುತ್ತಿರಲಿಲ್ಲ, ಕಂಡದ್ದನ್ನು ಹೇಳುತ್ತಿದ್ದ.

ಅದೇ ಸಂಶೋಧನೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು, ನನ್ನ ಮಟ್ಟಿಗೆ ಅದು ಇನ್ನೂ ದೊಡ್ಡದು. ಪರೀಕ್ಷೆಗೆ ಕುಳಿತವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ರೋಟಂಡೋನ್ ಎಷ್ಟು ಹಾಕಿದರೂ ವಾಸನೆಯೇ ಬರಲಿಲ್ಲ. ನೆಗಡಿಯಿಲ್ಲ, ಅನುಭವದ ಕೊರತೆಯಿಲ್ಲ, ಅವರ ಮೂಗಿಗೆ ಆ ಬಾಗಿಲೇ ಇಲ್ಲ. ಇದನ್ನು ಓದಿದ ದಿನ ನಮ್ಮ ಕೂಟದ ಹಳೆಯ ಜಗಳಗಳೆಲ್ಲ ನೆನಪಾದವು. ಒಬ್ಬ ಗೆಳೆಯ ಪ್ರತಿ ಸಲವೂ "ಮೆಣಸೂ ಇಲ್ಲ ಮಣ್ಣೂ ಇಲ್ಲ, ಬರೀ ಹುಳಿ" ಎಂದು ಹಟ ಹಿಡಿಯುತ್ತಿದ್ದ. ಅವನಿಗೆ ಇನ್ನೂ ಪಳಗಬೇಕು ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಅವನು ಐವರಲ್ಲಿ ಆ ಒಬ್ಬನಾಗಿರಬಹುದು ಎಂದು ನಮಗೆ ಹೊಳೆದಿರಲೇ ಇಲ್ಲ. ನಾವೆಲ್ಲ ಒಂದೇ ಬಾಟಲಿಯಿಂದ ಬೇರೆ ಬೇರೆ ವೈನ್ ಕುಡಿಯುತ್ತಿದ್ದೆವು.

ಈಗ ಕಣ್ಣಿನ ವಿಷಯ. ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳ ಮುಂದೆ ಎರಡು ಗ್ಲಾಸ್ ಇಟ್ಟರು. ಒಂದು ಬಿಳಿ ವೈನ್. ಇನ್ನೊಂದೂ ಅದೇ ಬಿಳಿ ವೈನ್, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ್ದು. ಬಿಳಿಯದಕ್ಕೆ ಬಿಳಿ ವೈನಿನ ಪದಗಳು ಬಂದವು. ಕೆಂಪಾಗಿ ಕಂಡದ್ದಕ್ಕೆ ಕೆಂಪು ವೈನಿನ ಪದಗಳು ಬಂದವು. ಈ ಸಂಶೋಧನೆ ಪ್ರಕಟವಾದದ್ದು 2001ರಲ್ಲಿ. ಅಂದಿನಿಂದ ಪತ್ರಿಕೆಗಳು "ವೈನ್ ಪಂಡಿತರು ಬೇಸ್ತು ಬಿದ್ದರು" ಎಂದು ಆಗಾಗ ಬರೆದು ಸಂತೋಷಪಡುತ್ತವೆ. ನನಗೆ ಅದು ಅಷ್ಟು ಸರಳವಾಗಿ ಕಾಣುವುದಿಲ್ಲ. ಮೊದಲಿಗೆ, ಅವರು ವಿದ್ಯಾರ್ಥಿಗಳು. ಎರಡನೆಯದು, ಅದರಲ್ಲಿ ಬಯಲಾದದ್ದು ನಮ್ಮ ಶಬ್ದಭಂಡಾರದ ಜೋಡಣೆ. ಕೆಂಪು ವೈನಿಗೆ ನಾವು ಬಳಸುವುದೆಲ್ಲ ಕಡುಬಣ್ಣದ ವಸ್ತುಗಳ ಹೆಸರು, ಬಿಳಿಯದಕ್ಕೆ ತೆಳುಬಣ್ಣದವು. ಪದಗಳನ್ನು ಬಣ್ಣದ ಪ್ರಕಾರ ಕಪಾಟಿನಲ್ಲಿ ಇಟ್ಟಿದ್ದೇವೆ, ಕಣ್ಣು ಹೋಗಿ ಕಪಾಟು ತೆರೆಯುತ್ತದೆ, ಮೂಗು ಹಿಂದಿನಿಂದ ಬಂದು ರುಜು ಹಾಕುತ್ತದೆ.

ಬಣ್ಣವೇ ಇಷ್ಟು ಮಾಡಿದರೆ ಹೆಸರು ಏನು ಮಾಡಬೇಡ? 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಸ್ಟೀವನ್ ಸ್ಪರಿಯರ್ ಎಂಬ ಇಂಗ್ಲಿಷ್ ವ್ಯಾಪಾರಿ ಫ್ರಾನ್ಸಿನ ಹೆಸರಾಂತ ವೈನುಗಳನ್ನೂ ಕ್ಯಾಲಿಫೋರ್ನಿಯಾದ ವೈನುಗಳನ್ನೂ ಹೆಸರು ಮರೆಸಿ ಫ್ರೆಂಚ್ ತೀರ್ಪುಗಾರರ ಮುಂದಿಟ್ಟ. ಬಿಳಿಯಲ್ಲಿ ಷಾಟೋ ಮೊಂಟೆಲೀನಾ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್ ಮೊದಲು ಬಂದವು. ಎರಡೂ ಕ್ಯಾಲಿಫೋರ್ನಿಯಾದವು, ಎರಡೂ 1973ರ ಬೆಳೆ. ಅಲ್ಲಿಗೆ ಬಂದಿದ್ದ ಒಬ್ಬನೇ ಪತ್ರಕರ್ತ ಟೈಮ್ ಪತ್ರಿಕೆಯ ಜಾರ್ಜ್ ಟೇಬರ್. ಅವನು ದಾಖಲಿಸಿದ ಒಂದು ಕ್ಷಣ ಫಲಿತಾಂಶಕ್ಕಿಂತ ರುಚಿಯಾಗಿದೆ: ತೀರ್ಪುಗಾರರೊಬ್ಬರು ಒಂದು ಗುಟುಕು ಕುಡಿದು, ಸದ್ಯ ಮತ್ತೆ ಫ್ರಾನ್ಸಿಗೆ ಬಂದೆವು ಎಂದು ಉದ್ಗರಿಸಿದರಂತೆ. ಅವರ ಕೈಯಲ್ಲಿದ್ದದ್ದು ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ, ಷಾರ್ಡನೆ ದ್ರಾಕ್ಷಿಯ ಬಿಳಿ ವೈನ್.

ಹೆಸರು ಮರೆಸಿದ ಮಾತ್ರಕ್ಕೆ ಸತ್ಯ ಹೊರಬರುತ್ತದೆ ಎಂದು ಹಿಗ್ಗಬೇಡಿ. ರಾಬರ್ಟ್ ಹಾಡ್ಜ್‌ಸನ್ ಎಂಬ ಪ್ರಾಧ್ಯಾಪಕ, ಸ್ವತಃ ಸಣ್ಣ ಪ್ರಮಾಣದಲ್ಲಿ ವೈನ್ ಮಾಡುತ್ತಿದ್ದವರು. ತಮ್ಮ ಒಂದೇ ವೈನಿಗೆ ಒಂದು ಸ್ಪರ್ಧೆಯಲ್ಲಿ ಪದಕ, ಇನ್ನೊಂದರಲ್ಲಿ ಏನೂ ಇಲ್ಲ ಎಂಬುದು ಅವರನ್ನು ಕಾಡುತ್ತಿತ್ತು. ಕ್ಯಾಲಿಫೋರ್ನಿಯಾದ ರಾಜ್ಯಮಟ್ಟದ ಸ್ಪರ್ಧೆಯಲ್ಲಿ ತೀರ್ಪುಗಾರರಿಗೆ ಸಾಲಾಗಿ ಇಡುವ ಗ್ಲಾಸುಗಳ ನಡುವೆ ಒಂದೇ ಬಾಟಲಿಯ ವೈನನ್ನು ಮೂರು ಸಲ ಸೇರಿಸಲು ಅವರಿಗೆ ಅನುಮತಿ ಸಿಕ್ಕಿತು. 2008ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಮೂರು ಸಲವೂ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ. ಆ ಸ್ಪರ್ಧೆಯವರು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲು ಬಾಗಿಲು ತೆರೆದದ್ದು ದೊಡ್ಡ ಮಾತು, ಅದನ್ನು ಯಾರೂ ಹೊಗಳುವುದಿಲ್ಲ.

ಅಂಕಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ದೀರಿ. ಚುಟುಕಾಗಿ ಹೇಳುತ್ತೇನೆ. ಅಮೆರಿಕದ ರಾಬರ್ಟ್ ಪಾರ್ಕರ್ 1978ರಲ್ಲಿ ತಮ್ಮ ಪತ್ರಿಕೆ ಶುರುಮಾಡಿ ನೂರಕ್ಕೆ ಅಂಕ ಕೊಡುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಅದು ನೂರಾದರೂ ಎಣಿಕೆ ಶುರುವಾಗುವುದು ಐವತ್ತರಿಂದ. ಕೊಳ್ಳುವವನಿಗೆ ಅಂಕ ಉಪಕಾರಿ, ಒಪ್ಪುತ್ತೇನೆ. ನೆನಪಿಟ್ಟುಕೊಳ್ಳುವವನಿಗೆ ನಿಷ್ಪ್ರಯೋಜಕ. 91 ಎಂಬ ಅಂಕಿಯನ್ನು ಮೂಸಿದರೆ ಯಾವ ವಾಸನೆಯೂ ಬರುವುದಿಲ್ಲ. ನೂರು ಜನರ ಅಂಕ ಕೂಡಿಸಿ ನೂರರಿಂದ ಭಾಗಿಸಿದರೆ ಮೆಣಸು ತಿಳಿಯುವ ಎಂಬತ್ತು ಮೂಗೂ ತಿಳಿಯದ ಇಪ್ಪತ್ತು ಮೂಗೂ ಕಲಸಿಹೋಗಿ ಯಾರದ್ದೂ ಅಲ್ಲದ ಒಂದು ಮೂಗು ತಯಾರಾಗುತ್ತದೆ. ಅದಕ್ಕಿಂತ ನನ್ನಂತೆಯೇ ಮೂಸುವ ಒಬ್ಬರನ್ನು ಹುಡುಕಿಕೊಂಡು ಅವರು ಬರೆದದ್ದನ್ನು ಓದುವುದು ಲೇಸು. ಯಾವಾಗಲೂ ನನಗೆ ತದ್ವಿರುದ್ಧವಾಗಿ ಬರೆಯುವವರು ಸಿಕ್ಕರೂ ಆಗಬಹುದು. ಅವರು ಬೈದದ್ದನ್ನು ತಂದು ಕುಡಿದರಾಯಿತು.

ಕೂಟದಲ್ಲಿ ಕುಳಿತಾಗ ನಾವು ಪಾಲಿಸುವ ನಿಯಮ ಒಂದೇ: ಎಲ್ಲರೂ ಬರೆದು ಮುಗಿಸುವವರೆಗೆ ಮೌನ. ಇದು ಹುಟ್ಟಿದ ಕಥೆ ಹೇಳಬೇಕು. ನಮ್ಮಲ್ಲಿ ಒಬ್ಬ ಹಿರಿಯರಿದ್ದರು, ಅವರ ಮೂಗಿನ ಬಗ್ಗೆ ಎಲ್ಲರಿಗೂ ಗೌರವ. ಒಂದು ಸಂಜೆ ಅವರು ಗ್ಲಾಸ್ ಎತ್ತಿ "ಗುಲಾಬಿ" ಎಂದರು. ಹೌದು ಹೌದು, ಒಣಗಿದ ಗುಲಾಬಿ ಎಂದರು ಪಕ್ಕದವರು. ಪುಸ್ತಕದ ನಡುವೆ ಇಟ್ಟ ಗುಲಾಬಿ ಎಂದೆ ನಾನು, ಪೂರ್ತಿ ಪ್ರಾಮಾಣಿಕವಾಗಿ. ನಿಜಕ್ಕೂ ನನಗೆ ಬಂತು! ಹೊರಡುವಾಗ ಅವರು ನನ್ನನ್ನು ಬದಿಗೆ ಕರೆದು, "ಎರಡು ದಿನದಿಂದ ನೆಗಡಿ ಮಾರಾಯರೆ, ನನಗೆ ಏನೂ ಬರುತ್ತಿಲ್ಲ. ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದು ಏನೋ ಅಂದೆ" ಎಂದರು. ಮುಂದಿನ ಸಲದಿಂದ ಮೌನದ ನಿಯಮ ಬಂತು. ಸೂಚಿಸಿದವರೂ ಅವರೇ.

ಕೆಡುಕಿನ ವಿಷಯದಲ್ಲಿ ಮೌನ ಇನ್ನೂ ಮುಖ್ಯ. ಬಿರಡೆ ಕೆಟ್ಟದ್ದು ಸರಿ, ಅದರಲ್ಲಿ ವಾದವಿಲ್ಲ. ವಿನೆಗರ್ ಘಾಟು, ಉಗುರಿನ ಬಣ್ಣದ ಘಾಟು ಬಂದರೂ ವಾದ ಕಡಿಮೆ. ಆದರೆ ಬ್ರೆಟನೊಮೈಸೀಸ್ ಎಂಬ ಒಂದು ಯೀಸ್ಟ್ ಇದೆ, ಅದು ಸೇರಿಕೊಂಡರೆ ಕುದುರೆ ಲಾಯದ, ಬೆವರಿದ ಚರ್ಮದ ವಾಸನೆ. ತುಸು ಇದ್ದರೆ ಸೊಗಡು ಎನ್ನುವವರಿದ್ದಾರೆ, ತುಸುವೂ ಸಹಿಸದವರಿದ್ದಾರೆ. ನಾನು ಎರಡನೆಯ ಪಂಗಡ. ವೈನ್ ಕುಡಿಯುವಾಗ ಕುದುರೆ ನೆನಪಾಗಬೇಕಾದ ಅಗತ್ಯ ನನಗೆ ಈವರೆಗೆ ತೋರಿಲ್ಲ.

ಮೂಗನ್ನು ನಂಬಿ ಮೋಸ ಹೋದ ದೊಡ್ಡವರ ಕಥೆಯೊಂದಿದೆ. ರೂಡಿ ಕುರ್ನಿಯಾವನ್ ಎಂಬ ಯುವಕ ಅಮೆರಿಕದಲ್ಲಿ ಹಳೆಯ, ಅಪರೂಪದ ವೈನುಗಳ ಸಂಗ್ರಾಹಕನೆಂದು ಹೆಸರು ಮಾಡಿದ್ದ. ಅವನ ಮೂಗು, ನಾಲಿಗೆ ಎರಡೂ ನಿಜಕ್ಕೂ ಚುರುಕು ಎಂದು ಬಲ್ಲವರೇ ಹೊಗಳುತ್ತಿದ್ದರು. ಆ ಚುರುಕನ್ನೇ ಬಳಸಿ ಮನೆಯಲ್ಲಿ ಬೇರೆ ವೈನುಗಳನ್ನು ಬೆರೆಸಿ, ಹಳೆಯ ಲೇಬಲ್ ಅಂಟಿಸಿ ಮಾರುತ್ತಿದ್ದ. ಕೊಂಡವರು ಗುಟುಕರಿಸಿ ಆನಂದಪಟ್ಟರು. 2008ರಲ್ಲಿ ನ್ಯೂಯಾರ್ಕಿನ ಹರಾಜಿಗೆ ಅವನು ಇಟ್ಟ ಬಾಟಲಿಗಳಲ್ಲಿ ಫ್ರಾನ್ಸಿನ ಬರ್ಗಂಡಿ ಸೀಮೆಯ ಪೋನ್ಸೋ ಮನೆತನದ ಕ್ಲೋ ಸಾಂ-ದೆನಿ ವೈನ್ ಇತ್ತು, 1945ರಿಂದ 1971ರವರೆಗಿನ ಇಸವಿಗಳದ್ದು. ಆ ಮನೆತನದ ಲೋರಾಂ ಪೋನ್ಸೋ ಅವರಿಗೆ ಸುದ್ದಿ ತಲುಪಿತು. ಆ ತೋಟದ ವೈನನ್ನು ತಮ್ಮ ಮನೆಯವರು ಮಾಡಲು ಶುರುಮಾಡಿದ್ದೇ 1980ರ ದಶಕದಲ್ಲಿ ಎಂದು ಅವರಿಗೆ ಗೊತ್ತಿತ್ತು. ಖುದ್ದಾಗಿ ನ್ಯೂಯಾರ್ಕಿಗೆ ಹೋದರು, ಬಾಟಲಿಗಳನ್ನು ಹರಾಜಿನಿಂದ ತೆಗೆಸಿದರು. 2012ರಲ್ಲಿ ಕುರ್ನಿಯಾವನ್ ಸೆರೆಯಾದ, 2013ರಲ್ಲಿ ಅಪರಾಧ ಸಾಬೀತಾಯಿತು, ಮರುವರ್ಷ ಹತ್ತು ವರ್ಷದ ಶಿಕ್ಷೆಯಾಯಿತು. ಇಷ್ಟು ಜನ ಪಳಗಿದವರ ಮೂಗು ಹಿಡಿಯಲಾಗದ್ದನ್ನು ಒಂದು ಇಸವಿ ಹಿಡಿಯಿತು. ಟಿಪ್ಪಣಿ ಬರೆಯುವವರೇ, ದಿನಾಂಕ ಹಾಕಿ. ಯಾವ ಬಾಟಲಿ, ಯಾವ ಬೆಳೆ, ಯಾರ ಮನೆಯ ಮೇಜು ಎಂದು ಬರೆಯಿರಿ. ಪೀಪ್ಸ್ ರುಚಿಯನ್ನು ಬರೆಯಲಿಲ್ಲ ಎಂದು ದೂರಿದೆನಲ್ಲ, ತಾರೀಖು ಮತ್ತು ಜಾಗವನ್ನು ಬರೆದದ್ದಕ್ಕೆ ಅವನಿಗೆ ನಮಸ್ಕಾರವನ್ನೂ ಹೇಳಬೇಕು.

ಮಾತು ಮುಗಿದ ಮೇಲೆ ಒಂದಷ್ಟು ಪ್ರಶ್ನೆಗಳು ಬಂದವು. ವೈನ್ ಹಳೆಯದಾದಷ್ಟೂ ಒಳ್ಳೆಯದೇ ಎಂದು ಒಬ್ಬರು ಕೇಳಿದರು. ಇಲ್ಲ, ಮಾರಾಟವಾಗುವ ವೈನಿನಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಲೆಂದು ಮಾಡಿದ್ದು. ಇಟ್ಟರೆ ಹಣ್ಣಿನ ಘಮ ಆರಿಹೋಗುತ್ತದೆ, ಬದಲಿಗೆ ಬರುವುದು ಏನೂ ಇರುವುದಿಲ್ಲ. ಒಂದೇ ಸಂಜೆ ಇಪ್ಪತ್ತು ವೈನ್ ರುಚಿ ನೋಡುವವರು ಮನೆಗೆ ಹೇಗೆ ಹೋಗುತ್ತಾರೆ ಎಂದು ಒಬ್ಬ ಹುಡುಗಿ ಕೇಳಿದಳು. ಉಗುಳುತ್ತಾರೆ. ಮೇಜಿನ ಪಕ್ಕ ಉಗುಳಲೆಂದೇ ಪಾತ್ರೆ ಇರುತ್ತದೆ, ಅದನ್ನು ಬಳಸದವರನ್ನು ಕಸುಬಿನವರು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಮದ್ಯವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಿಂದಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ, ಅಂದರೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿನಲ್ಲಿ, ಇರಿಸಿದೆ, ವೈನಿಗೆ ಅದರಿಂದ ವಿನಾಯಿತಿಯಿಲ್ಲ ಎಂದೂ ಹೇಳಿದೆ. ಕುಡಿಯದವರು ಈ ಹವ್ಯಾಸಕ್ಕೆ ಬರಬಹುದೇ ಎಂದು ಕೇಳಿದವರಿಗೆ, ಮೂಸಲು ಯಾರ ಅಡ್ಡಿಯೂ ಇಲ್ಲ ಎಂದೆ.

ಆಮೇಲೆ ಚೀಟಿಗಳನ್ನು ಬಿಚ್ಚಿದೆವು. ಬಟ್ಟಲಿನಲ್ಲಿ ಇದ್ದದ್ದು ಜಜ್ಜಿದ ಎರಡು ಲವಂಗ. ಅದರ ವಾಸನೆಗೆ ಮುಖ್ಯ ಕಾರಣ ಯೂಜಿನಾಲ್ ಎಂಬ ವಸ್ತು. ಓಕ್ ಮರದಲ್ಲಿಯೂ ಅದು ಇರುವುದರಿಂದ ಪೀಪಾಯಿಯಲ್ಲಿ ಕೂಡಿಟ್ಟ ವೈನಿಗೂ ಇಳಿಯುತ್ತದೆ; ದಂತವೈದ್ಯರ ಸಾಮಗ್ರಿಯಲ್ಲಿಯೂ ಅದು ಇದೆ. ನಲವತ್ತಕ್ಕೂ ಹೆಚ್ಚು ಚೀಟಿಗಳಲ್ಲಿ ಲವಂಗ ಎಂದು ಹೆಸರಿಸಿದವು ಹತ್ತೂ ಇರಲಿಲ್ಲ. "ಹಲ್ಲು ಕೀಳಿಸಿಕೊಂಡ ದಿನ" ಎಂದು ಒಬ್ಬರು ಬರೆದಿದ್ದರು. "ಅಜ್ಜಿಯ ಪೆಟ್ಟಿಗೆಯ ತಳ" ಎಂದು ಇನ್ನೊಬ್ಬರು. "ಗೊತ್ತಿದೆ, ಆದರೆ ಗೊತ್ತಿಲ್ಲ" ಎಂದು ಒಬ್ಬರು. ಬಟ್ಟಲು ತಡವಾಗಿ ತಲುಪಿದ ಕಡೆಯಿಂದ "ಬ್ಲ್ಯಾಕ್‌ಕರಂಟ್" ಎಂದೂ ಒಂದು ಬಂತು, ಕೆಳಗೆ ನಗುವ ಮುಖದ ಚಿತ್ರ. ಕಡೆಯ ಸಾಲಿನ ಚೀಟಿಗಳಲ್ಲೆಲ್ಲ "ಔಷಧಿ" ಎಂದೇ ಇತ್ತು. ಅದರಲ್ಲಿ ಒಂದರಲ್ಲಿ ಮೊದಲು "ಲವಂಗ" ಎಂದು ಬರೆದು, ಅದರ ಮೇಲೆ ಎರಡು ಗೆರೆ ಎಳೆದು, ಪಕ್ಕದಲ್ಲಿ "ಔಷಧಿ" ಎಂದು ತಿದ್ದಲಾಗಿತ್ತು.